ಹಿಂದಿನ ಕೋಣೆಯ ಹಾಡು

ಅತ್ತೆ ಅಳಿಯಂದಿರ ನಡುವಿನ ಮಾತನ್ನು ಹೊರಗೆ ಆಡಬಾರದು. ಆಡುತ್ತಿದ್ದೇನೆ, ದೊಡ್ಡವರು ಮನ್ನಿಸಬೇಕು.

"ಅಮ್ಮ ಊರಿಗೆ ಹೊರಟಿದ್ದಾಳೆ. ಗಂಟು ಕಟ್ಟಾಯ್ತು," ಎಂದು ನಬ್ಬೋಸ ಬಾಗಿಲಲ್ಲಿ ನಿಂತು ಹೇಳಿದಾಗ ಅವಳ ಗಂಡ ಕಸೂಲೆ ಕಂಪ್ಯೂಟರಿನ ಮುಂದೆ ಕೂತಿದ್ದ.

"ಕಣ್ಣಿನ ಪಟ್ಟಿ ಬಿಚ್ಚೋದು ಶುಕ್ರವಾರ ಅಲ್ವಾ? ಈಗ ಮಸಾಕಾಕ್ಕೆ ಹೋದ್ರೆ ಕಣ್ಣಿನ ಗತಿ ಏನೇ?"

"ನನ್ನ ಕೇಳ್ತೀರಾ? ಹಾಡಿನ ಪೆಟ್ಟಿಗೆ ಕೆಡಿಸಿದವಳು ಅಳಿಯನ ಮನೆ ಬಾಳೆಕಾಯಿ ಮಟೋಕೆ ಯಾವ ಬಾಯಲ್ಲಿ ತಿನ್ಲಿ ಅಂತಾಳೆ. ನಿನ್ನೆಯಿಂದ ಬಾಯಿಗೆ ಏನೂ ಹಾಕಿಲ್ಲ."

ಕಂಪಾಲಾದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಅತ್ತೆ, ಅಲ್ಲಿನ ಕಟ್ಟಳೆಯಂತೆ ಅಳಿಯನೊಂದಿಗೆ ಒಂದೇ ಸೂರಿನಡಿ ಮಲಗುವಂತಿರಲಿಲ್ಲ. ಎದುರು ಬರುವಂತೆಯೂ, ನೇರವಾಗಿ ಮಾತಾಡುವಂತೆಯೂ ಇರಲಿಲ್ಲ. ಹಾಗಾಗಿ ಅಂಗಳದಾಚೆಯ ಒಂಟಿ ಕೋಣೆಯಲ್ಲಿ, ಪರದೆಯ ಹಿಂದೆ ಇದ್ದಳು. ಕಸೂಲೆ ಅವಳಿಗೆ ಮಾಡಬಹುದಾದ ಸೇವೆ ಒಂದೇ ಆಗಿತ್ತು. ವೈಫೈಯಲ್ಲಿ ಹಾಡುವ ಸ್ಪೀಕರ್ ಪೆಟ್ಟಿಗೆಯನ್ನು ಹೆಂಡತಿಯ ಕೈಯಲ್ಲಿ ಆ ಕೋಣೆಗೆ ಕಳಿಸಿ, ತನ್ನ ಕಂಪ್ಯೂಟರಿನಿಂದ ಹಳೆಯ ಗಿಟಾರಿನ ಹಾಡುಗಳನ್ನು ಹಾಕುತ್ತಿದ್ದ. ಕಣ್ಣು ಕಟ್ಟಿಕೊಂಡ ಮುದುಕಿಗೆ ಅದರಲ್ಲೇ ಹೊತ್ತು ಹೋಗುತ್ತಿತ್ತು.

ನಿನ್ನೆ ಬೆಳಿಗ್ಗೆ ಆ ಪೆಟ್ಟಿಗೆ ಮೂಕವಾಗಿತ್ತು. "ನನ್ನ ಕಂಪ್ಯೂಟರ್ ಸರಿ ಇದೆ. ಅಲ್ಲೇ ಯಾರೋ ಏನೋ ಮುಟ್ಟಿರಬೇಕು," ಎಂದ ಕಸೂಲೆ. ನಬ್ಬೋಸ ಆ ಮಾತನ್ನು ಅಂಗಳ ದಾಟಿಸಿದಳು. ಮುದುಕಿ ಅದರ ಹಿಂದಿನ ದಿನವಷ್ಟೇ ಒದ್ದೆ ಬಟ್ಟೆಯಲ್ಲಿ ಪೆಟ್ಟಿಗೆಯ ಧೂಳು ಒರೆಸಿದ್ದಳು; ತಾನೇ ಕೆಡಿಸಿದೆ ಎಂದುಕೊಂಡಳು.

"ಸಂಜೆ ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಿದ್ದೀರಲ್ಲ, ಅದನ್ನಾದ್ರೂ ಕೇಳಿ ನೋಡಿ!" ಎಂದು ಈಗ ಬಾಗಿಲಲ್ಲೇ ನಿಂತು ನಬ್ಬೋಸ ಸಿಡುಕಿದಳು.

ಬೇರೇನೂ ತೋಚದೆ ಅವನು ಕಂಪ್ಯೂಟರಿನ ಕಾವಲುಗಾರ, ಫೈರ್‌ವಾಲ್ ತೆರೆದ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಸಾಲುಗಳು. ಜಾಲದಲ್ಲಿರುವ ಸಂಗೀತ ಸಾಧನಗಳು ಎಂಬುದರ ಮುಂದೆ ಗುರುತಿರಲಿಲ್ಲ. ಆಗ ನೆನಪಾಯಿತು. ಗುರುತಿಲ್ಲದ ಯಾವುದನ್ನೂ ಒಳಗೆ ಬಿಡಬೇಡಿ ಎಂದು ಮೊನ್ನೆ ಕೊನೆಯ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ ಸಂಜೆ, ತಿಳಿದವನ ಗತ್ತಿನಲ್ಲಿ ಮನೆಗೆ ಬಂದು, ಸರಿಯಾಗಿ ಓದದೆಯೇ, ಒಂದೊಂದಕ್ಕೂ ಬೇಡ ಎಂದು ಒತ್ತಿದ್ದ. ಅವನ ಕಿವಿ ಬಿಸಿಯಾಯಿತು.

ಗುರುತು ಹಾಕಿದ. ಅಂಗಳದಾಚೆ ಗಿಟಾರು ಜೋರಾಗಿ ಎದ್ದಿತು.

"ರಿಪೇರಿ ಮಾಡೇಬಿಟ್ರಲ್ಲ, ಡಾಕ್ಟ್ರೇ!" ನಬ್ಬೋಸ ಚಪ್ಪಾಳೆ ತಟ್ಟಿದಳು.

"ಹೂಂ," ಎಂದುಬಿಟ್ಟ.

"ನೀನು ಕೆಡಿಸಿದ್ದನ್ನ ಅಳಿಯ ಸರಿಮಾಡಿದ ಅಂತ ಅಮ್ಮನಿಗೆ ಹೇಳಿ ಬರ್ತೀನಿ."

"ತಾಳೇ." ಅವನು ತಲೆಯೆತ್ತಲಿಲ್ಲ. "ಅವರು ಕೆಡಿಸಿರಲಿಲ್ಲ. ನಾನೇ ಮುಚ್ಚಿದ್ದೆ."

ನಬ್ಬೋಸ ಸೊಂಟಕ್ಕೆ ಕೈಯಿಟ್ಟಳು. "ಆ ಮಾತನ್ನೂ ನಾನೇ ಹೊರಬೇಕಾ? ನನ್ನಿಂದಾಗಲ್ಲ. ನೀವೇ ಹೇಳಿ."

ನೇರವಾಗಿ ಹೇಳುವಂತಿಲ್ಲ. ಕಸೂಲೆ ಅಂಗಳಕ್ಕಿಳಿದು, ಪರದೆಗೆ ಬೆನ್ನು ಮಾಡಿ, ಹಲಸಿನ ಮರಕ್ಕೆ ಕಟ್ಟಿದ್ದ ಮೇಕೆಯ ಮುಂದೆ ನಿಂತ.

"ಕೇಳಿಸ್ಕೊ ಮೇಕೆ," ಎಂದು ಗಟ್ಟಿಯಾಗಿ ಶುರುಮಾಡಿದ. "ಪೆಟ್ಟಿಗೆ ಕೆಟ್ಟಿರಲಿಲ್ಲ. ಯಾರೂ ಕೆಡಿಸಿರಲಿಲ್ಲ. ತಪ್ಪು ನನ್ನದು. ತಿಳಿಯದೆ ಇನ್ನೊಬ್ಬರ ಮೇಲೆ ಹಾಕಿದೆ."

"ಏನಪ್ಪಾ ಕಸೂಲೆ, ಮೇಕೆ ಹತ್ರ ಪಾಪ ನಿವೇದನೆನಾ?" ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ ನಕ್ಕಳು. "ಅದು ಪಾದ್ರಿ ಆಗಿದ್ದು ಯಾವಾಗ?"

ಅವನು ಕತ್ತು ತಗ್ಗಿಸಿ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, ಅದನ್ನೇ ಹೇಳಿದ. ಗಿಟಾರು ಅವನಿಗಿಂತ ಗಟ್ಟಿಯಾಗಿತ್ತು. ಅದನ್ನು ನಿಲ್ಲಿಸಿ ಬರಲು ಮನಸ್ಸಾಗಲಿಲ್ಲ.

ಹಾಡು ಮುಗಿಯುವ ಹೊತ್ತಿಗೆ ಪರದೆಯ ಹಿಂದಿನಿಂದ ಸ್ವರ ಬಂತು. "ನಬ್ಬೋಸಾ, ಕಡಲೆಕಾಯಿ ಸಾರು ಉಳಿದಿದೆಯೇನೇ?"

ಕಸೂಲೆ ತಿರುಗಲಿಲ್ಲ. ಮುದುಕಿಗೆ ಅವನ ಮಾತು ಕೇಳಿಸಿತ್ತೋ, ಹಾಡಷ್ಟೇ ಕೇಳಿಸಿತ್ತೋ? ಕೇಳಲು ಅವನಿಗೆ ದಾರಿಯಿರಲಿಲ್ಲ. ನನಗೂ ಗೊತ್ತಿಲ್ಲ.