ಸಮಚಿಹ್ನೆ ಇಲ್ಲದ ಮಿಷೀನು

"ಒಳಕ್ಕೆ ಬರಬ್ಯಾಡಿ ಸಂಜೀವಣ್ಣ," ಎಂದು ಖಲೀಲುಲ್ಲಾ ಬಾಗಿಲಿಗೆ ಅಡ್ಡವಾಗಿ ಕೈಚಾಚಿದ. ಒಳಗೆ ಅವನ ಅಣ್ಣ ಫಜಲುಲ್ಲಾನ ಹೆಣಕ್ಕೆ ಕಫನ್ ಬಟ್ಟೆ ಹೊದಿಸಿ ಆಗಿತ್ತು. ಪರದೆಯ ಹಿಂದೆ ಕೂತಿದ್ದ ಫಜಲುಲ್ಲಾನ ಹೆಂಡತಿ ಫಕ್ರುನ್ನೀಸಾಗೆ, ಸಂಜೀವಣ್ಣನ ಹೆಸರು ಕಿವಿಗೆ ಬಿದ್ದದ್ದೇ ಅಳು ನಿಂತುಹೋಯಿತು.

"ಒಂದ್ಸಲ ಮುಖ ನೋಡ್ಕೊಂಡು ಹೊಂಟೋಗ್ತೀನಿ ಕಣಪ್ಪ."

"ಎರಡು ವರ್ಷ ಈ ಕಡೆ ತಲೆ ಹಾಕ್ಲಿಲ್ಲ. ಈಗ್ಯಾವ ಮುಖ ನೋಡ್ತೀರ?"

*

ಮಧುಗಿರಿಯ ರಸ್ತೆ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಫಜಲುಲ್ಲಾ ಅಳತೆಯ ಲೆಕ್ಕ ಮಾಡುತ್ತಿದ್ದ. ಹಳೆಯ ಇಂಜಿನಿಯರೊಬ್ಬರು ಬಿಟ್ಟುಹೋಗಿದ್ದ ವಿದೇಶದ ಕ್ಯಾಲ್ಕುಲೇಟರು ಅವನೊಬ್ಬನಿಗೇ ಒಲಿದಿತ್ತು. ಅದರಲ್ಲಿ ಸಮಚಿಹ್ನೆಯ ಗುಂಡಿಯೇ ಇರಲಿಲ್ಲ. ಎರಡೂ ಸಂಖ್ಯೆ ಮೊದಲು ಒತ್ತಿ, ಕೂಡಬೇಕೋ ಕಳೆಯಬೇಕೋ ಎಂಬುದನ್ನು ಕೊನೆಗೆ ಹೇಳಬೇಕು. ಎಂಬತ್ತಾರರ ಬೇಸಿಗೆಯಲ್ಲಿ ಅದು ಕೆಟ್ಟಿತು. ಫಜಲುಲ್ಲಾಗೆ ಊಟ ಸೇರದಾಯಿತು.

ಅಷ್ಟರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಗೆಳೆಯ ಸಂಜೀವಯ್ಯ.

"ನಿನ್ನ ಮಿಷೀನ್ನ ಇದ್ರೊಳಗೇ ಬದುಕುಸ್ತೀನಿ ಕಣ್ಲಾ. ಅದು ಹೆಂಗೆ ಲೆಕ್ಕ ಮಾಡ್ತಿತ್ತು ಹೇಳ್ಕೊಡು."

ಮಳೆಗಾಲದ ಭಾನುವಾರಗಳಲ್ಲೆಲ್ಲ ಸಂಜೀವಯ್ಯ ಸಿರಾದ ಈ ಮನೆಗೆ ಬಂದು ಕಲಿಯುತ್ತ ಕೂತ. ಫಕ್ರುನ್ನೀಸಾ ಅವನಿಗೆಂದೇ ಮಾಂಸ ತಾಕದ ಪಾತ್ರೆ ಬೇರೆ ಇಟ್ಟು ಅಡುಗೆ ಮಾಡಿದಳು.

ಕಡೆಗೊಂದು ದಿನ ಕಂಪ್ಯೂಟರಿನ ಗಾಜಿನ ಮೇಲೆ, ಹಸಿರು ಅಕ್ಷರದಲ್ಲಿ, ಅದೇ ಮಿಷೀನು ಎದ್ದು ಕೂತಿತು. ಸಂಖ್ಯೆ ಮೊದಲು, ಕೆಲಸ ಕೊನೆಗೆ. "ಬಿಲ್ಕುಲ್ ಅದೇ!" ಎಂದು ಕುಣಿಯುತ್ತ ಫಜಲುಲ್ಲಾ ಮನೆಗೆ ಮಿಠಾಯಿ ತಂದ.

ಮುಂದಿನ ವಾರ, ಲೆಕ್ಕಕ್ಕೆ ಇನ್ನು ಕಂಪ್ಯೂಟರೇ ಸಾಕೆಂದು ಅವನನ್ನು ಕೆಲಸದಿಂದ ತೆಗೆದರು. ಹಾಗೆಂದು ಯುಗಾದಿ ಹೊತ್ತಿಗೇ ತೀರ್ಮಾನವಾಗಿತ್ತಂತೆ. ಸಂಜೀವಯ್ಯನಿಗೆ ಅದು ಗೊತ್ತಿತ್ತಂತೆ.

ಫಜಲುಲ್ಲಾ ಬೈಯಲಿಲ್ಲ. "ಗೊತ್ತಿದ್ದೂ ನಿನ್ನ ಕೈಯಡುಗೆ ಉಂಡ್ನಲ್ಲ," ಎಂದ ಹೆಂಡತಿಗೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬಾಚಣಿಗೆ, ಕನ್ನಡಿ ಮಾರುತ್ತ ಕೂತ. ನಿನ್ನೆ ಅಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ.

*

"ಭಾಬಿ, ಇವ್ರನ್ನ ಕಳುಸ್ಬುಡ್ಲಾ?" ಖಲೀಲುಲ್ಲಾ ಒಳಗೆ ಕೂಗಿ ಕೇಳಿದ.

"ನಾನು ಆ ಮಿಷೀನ್ನ ಮಾಡ್ಕೊಡದಿದ್ರೆ ನನ್ನೇ ತೆಗೀತಿದ್ರು ಕಣಮ್ಮ," ಸಂಜೀವಯ್ಯ ಪರದೆಯತ್ತ ನೋಡಿ ಅಂದ.



"ಅದನ್ನೇ ಅವತ್ತು ಹೇಳಿದ್ರೆ ಸಾಕಿತ್ತಲ್ಲ ಅಣ್ಣ," ಎಂದಳು ಫಕ್ರುನ್ನೀಸಾ. "ನಿಮ್ಮ ಕೆಲ್ಸ ಉಳೀಲಿ ಅಂತ ಆಗ್ಲೂ ಅವ್ರೇ ಕೂತ್ಕೊಂಡು ಕಲಿಸ್ತಿದ್ರು."

ಸಂಜೀವಯ್ಯ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದ.

"ಖಲೀಲ್, ಹೆಗಲು ಕೊಡ್ಲಿ ಬಿಡು. ಮುಖ ಮಾತ್ರ ತೋರಿಸ್ಬ್ಯಾಡ," ಎಂದಳು ಫಕ್ರುನ್ನೀಸಾ.

ಶವ ಹೊತ್ತ ಜನಾಜಾ ಹೆಗಲ ಮೇಲೆ ಎದ್ದಿತು. ಅವಳು ಕಿಟಕಿಯ ಸಂದಿಯಿಂದ ನೋಡಿದಳು. ಬೀದಿಯುದ್ದಕ್ಕೂ ಹೆಗಲುಗಳು ಬದಲಾಗುತ್ತಿದ್ದವು. ಯಾರು ಬಂದು ಭುಜ ಮುಟ್ಟಿದರೂ ಸಂಜೀವಯ್ಯ ಬಿಟ್ಟುಕೊಡಲಿಲ್ಲ. ಅವನು ಎಲ್ಲರಿಗಿಂತ ಎತ್ತರದ ಆಳು. ಜನಾಜಾ ತನ್ನ ಕಡೆ ಮೇಲೇಳದಂತೆ ಮೊಣಕಾಲು ಬಗ್ಗಿಸಿಕೊಂಡೇ, ತಿರುವಿನವರೆಗೂ ಕುಗ್ಗಿ ಕುಗ್ಗಿ ನಡೆದ.