ದೂರು ಏನೂ ಇಲ್ಲ

"ಕತ್ತಿ ಅಂದರೆ ಕತ್ತಿಯೇ. ಆಯುಧ ಅಂತ ಬರೆದರೆ ಮೂಲಕ್ಕೆ ಅನ್ಯಾಯವಾಗುತ್ತದೆ" ಎಂದು ಸದಾಶಿವ ಹಿಂದಿಯಲ್ಲಿ ಹೇಳಿದಾಗ ಎದುರಿಗಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಟೈಪಿಸ್ಟು ಆಯುಧವನ್ನು ಅಳಿಸಿ ಕತ್ತಿ ಮಾಡಿದ. ಬೆಳಿಗ್ಗೆ ಹತ್ತೂವರೆಗೆ ವಡೋದರಾದ ಒಂದು ಪೊಲೀಸ್ ಕಚೇರಿಯಲ್ಲಿ ಕನ್ನಡಕ್ಕೆ ಅಷ್ಟರಮಟ್ಟಿಗೆ ಮರ್ಯಾದೆ ಸಿಕ್ಕಿತು.

ಮರ್ಯಾದೆಯ ಅಭ್ಯಾಸ ಸದಾಶಿವನಿಗೆ ತಪ್ಪಿ ಬಹಳ ವರ್ಷವಾಗಿತ್ತು. ಮಕರಪುರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಟ್ರಾನ್ಸ್‌ಫಾರ್ಮರ್‌ಗಳ ಗುಣಮಟ್ಟ ನೋಡುತ್ತಿದ್ದ. ಜೊತೆಗೆ ಊರಿನ ಕನ್ನಡ ಸಂಘದ ಕಾರ್ಯದರ್ಶಿ. ಎಂದರೆ ನವೆಂಬರಿನಲ್ಲಿ ಒಂದು ದಿನ ಶಾಲು ಹೊದಿಸುವವನು, ಉಳಿದ ದಿನ ಹಾಲ್ ಹುಡುಕುತ್ತ ಅಲೆಯುವವನು. ಮನೆಯಲ್ಲಿ ಮಗಳು ಕೃಪಾ ಅವನ ಕನ್ನಡಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದಳು, ಅದೂ ಮೊಬೈಲಿನಿಂದ ತಲೆ ಎತ್ತದೆ.

ನಿನ್ನೆ ಪೊಲೀಸರಿಂದ ಫೋನು ಬಂದಿತ್ತು. ಕನ್ನಡ ಬಲ್ಲ ಗೌರವಾನ್ವಿತರೊಬ್ಬರು ಬೇಕಂತೆ. ನನ್ನನ್ನೇ ಯಾಕೆ ಎಂದು ಮೊದಲು ಹೆದರಿದ. ಸ್ವಲ್ಪ ಹೊತ್ತಿಗೆ, ನಾನಲ್ಲದೆ ಇನ್ಯಾರು ಎನ್ನಿಸಿ ಅಂಗಿ ಇಸ್ತ್ರಿ ಮಾಡಿಸಿದ. ಹೆಂಡತಿ ಯಶೋದಾ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಓದಿ ಹೇಳ್ರಿ, ಬರ್ರಿ. ನಡುವ ನಿಮ್ದೇನೂ ಸೇರಸಬ್ಯಾಡ್ರಿ."

ಪ್ರಕರಣ ಸರಳವಾಗಿತ್ತು. ಆರೋಪಿ ದಸ್ತಗೀರ ನದಾಫ, ವಯಸ್ಸು ಇಪ್ಪತ್ತಾರು. ಸೂರತ್ತಿನಲ್ಲಿ ಸೀರೆಗೆ ಕಸೂತಿ ಹಾಕುವ ಯಂತ್ರ ನಡೆಸುತ್ತಿದ್ದ. ಸರ್ಕಾರ ನಿಷೇಧಿಸಿದ ಒಂದು ಧಾರ್ಮಿಕ ಸಂಘಟನೆಯವನೆಂದು ಹಿಡಿದು ತಂದಿದ್ದರು. ಎಂಟು ದಿನದ ಹಿಂದೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಅವನು ಹಿಂದಿಯಲ್ಲಿ, ನನ್ನನ್ನು ಹೊಡೆದರು ಎಂದಿದ್ದ. ಅವನ ಹಿಂದಿ ಎಲ್ಲರಿಗೂ ತಿಳಿಯಿತು, ದೂರು ಮಾತ್ರ ಯಾರಿಗೂ ತಿಳಿಯಲಿಲ್ಲ. ಆರೋಪಿಗೆ ಭಾಷೆಯ ತೊಡಕಿರುವಂತಿದೆ, ಮಾತೃಭಾಷೆಯ ದುಭಾಷಿಯನ್ನು ಕರೆತನ್ನಿ ಎಂದು ಆದೇಶವಾಯಿತು. ಕಾನೂನಿಗೆ ಎಂಥ ಅಂತಃಕರಣ ನೋಡಿ!

ಅವನ ಟ್ರಂಕಿನಲ್ಲಿ ಸಿಕ್ಕ ಸಾಕ್ಷ್ಯ ಒಂದು ನೋಟ್‌ಬುಕ್ಕು. ಅದರ ತುಂಬ ಕೈಬರಹದ ಹಾಡು. ಹಸೇನ-ಹುಸೇನರು ದಂಡು ಕಟ್ಟಿಕೊಂಡು ಹೊರಟಿದ್ದು, ನೀರಿಲ್ಲದ ಬಯಲಲ್ಲಿ ಕತ್ತಿ ಹಿರಿದು ಕಾದಾಡಿದ್ದು, ಪ್ರಾಣ ಬಿಟ್ಟಿದ್ದು. ಮೊದಲನೆಯ ಪುಟ ನೋಡುತ್ತಲೇ ಸದಾಶಿವನಿಗೆ ಗೊತ್ತಾಗಿತ್ತು, ಇವು ಮೊಹರಮ್ಮಿನ ಪದಗಳು. ರೋಣದ ಕಡೆಯ ಅವನ ಊರಿನಲ್ಲೂ ಅಲಾಯಿ ಕುಣಿಯ ಬೆಂಕಿಯ ಸುತ್ತ ಗೌಡರು, ಕುರುಬರು, ನದಾಫರು ಎಲ್ಲ ಸೇರಿ ಹೆಜ್ಜೆ ಹಾಕಿ ಇವನ್ನೇ ಹಾಡುತ್ತಿದ್ದರು. ಅವನ ಅವ್ವ ಪಂಜಾ ದೇವರಿಗೆ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ಆ ನಿಷೇಧಿತ ಸಂಘಟನೆಯವರ ಕೈಗೆ ಈ ನೋಟ್‌ಬುಕ್ಕು ಸಿಕ್ಕಿದ್ದರೆ, ಕುಣಿತ ಹಾಡು ಎಲ್ಲ ಪಾಪ ಎಂದು ಮೊದಲು ಅವರೇ ಅದನ್ನು ಸುಡುತ್ತಿದ್ದರು. ದಸ್ತಗೀರ ಅವರ ಪೈಕಿಯವನಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ.

ಹೇಳಬೇಕೆಂದುಕೊಂಡ. ಆದರೆ ತನ್ನನ್ನು ಕರೆಸಿದ್ದು ಅನುವಾದಕ್ಕೆ, ವ್ಯಾಖ್ಯಾನಕ್ಕಲ್ಲ. ನಿಷ್ಠೆಯಿಂದ, ಒಂದು ಅಕ್ಷರ ಬಿಡದೆ, ದಂಡನ್ನು ಸೈನ್ಯ ಮಾಡಿದ, ಕಾದಾಟವನ್ನು ಯುದ್ಧ ಮಾಡಿದ. ಅನುವಾದ ಚೊಕ್ಕವಾಗಿ ಬಂತು. ಅಷ್ಟು ಚೊಕ್ಕ ಅನುವಾದಕ್ಕೆ ಹತ್ತು ವರ್ಷ ಜೈಲು ಗ್ಯಾರಂಟಿ.

ಆಮೇಲೆ ದಸ್ತಗೀರನನ್ನು ಕರೆತಂದರು. ಪೊಲೀಸರು ಬರೆದಿಟ್ಟಿದ್ದ ಆರೋಪಿಯ ಹೇಳಿಕೆಯನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಬೇಕಿತ್ತು. ಗಡ್ಡ ಬಿಟ್ಟ ಭಯಂಕರ ಮನುಷ್ಯನೊಬ್ಬ ಬರುತ್ತಾನೆಂದು ಸದಾಶಿವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಬಂದವನು ಒಣಕಲು ಆಸಾಮಿ, ಅವನ ಅಂಗಿಯೇ ಅವನಿಗೆ ದೊಡ್ಡದಾಗಿತ್ತು. ಚಹಾ ಕೊಟ್ಟರು. ಲೋಟ ಹಿಡಿಯಲಾಗದೆ ಎರಡೂ ಮುಂಗೈ ಜೋಡಿಸಿ ಎತ್ತಿದ. ಬೆರಳುಗಳು ಬಾತು ನೀಲಿಯಾಗಿದ್ದವು.

ಸದಾಶಿವ ಬೆರಳು ನೋಡುವುದನ್ನು ಬಿಟ್ಟು ಕಾಗದ ನೋಡಿ ಕೇಳಿದ. "ಯಾವೂರು?"

"ಹೊಳೆಆಲೂರ್ರೀ." ಅವನ ಮುಖ ಒಮ್ಮೆಲೆ ಅರಳಿತು. "ನೀವು ನಮ್ಮ ಕಡ್ಯಾವ್ರ, ಹೌದಲ್ರಿ ಅಣ್ಣಾರ?"

ಸದಾಶಿವ ಕಾಗದ ಎತ್ತಿ ಹೇಳಿಕೆ ಓದಿದ. ದಸ್ತಗೀರ ಕೇಳಿಸಿಕೊಳ್ಳಲು ಬಲಗಿವಿ ಮುಂದೆ ಮಾಡುತ್ತಿದ್ದ. ಎಡಗಿವಿ ಕೇಳುವುದಿಲ್ಲ ಎಂದ, ಕಪಾಳಕ್ಕೆ ಹೊಡೆದಾಗಿನಿಂದ. ಇದರಲ್ಲಿ ನಾನು ಹೇಳಿದ್ದು ನನ್ನ ಹೆಸರು ಮತ್ತು ಅಪ್ಪನ ಹೆಸರು ಮಾತ್ರ ಎಂದ. ಮೂರು ದಿನ ನಿದ್ದೆ ಮಾಡಲು ಬಿಡಲಿಲ್ಲವಂತೆ. ಬೆರಳಿನ ಮೇಲೆ ಬೆಂಚಿನ ಕಾಲಿಟ್ಟು ಬೆಂಚಿನ ಮೇಲೆ ಇಬ್ಬರು ಕೂತರಂತೆ. ಇಷ್ಟೆಲ್ಲವನ್ನೂ ಇನ್ಸ್‌ಪೆಕ್ಟರರ ಎದುರಿಗೇ, ಈ ತಿಂಗಳು ಸಿಗದ ರೇಷನ್ನಿನ ಬಗ್ಗೆ ಹೇಳುವವರ ಹಾಗೆ, ಸಮಾಧಾನವಾಗಿ ಹೇಳಿದ. ಅವರಿಗೆ ಕನ್ನಡ ಬರುವುದಿಲ್ಲವಲ್ಲ.

"ಏನಂತಾನೆ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಊರಿನ ವಿಚಾರ" ಎಂದ ಸದಾಶಿವ. ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದು ಕಂಡು ಅವನಿಗೇ ಆಶ್ಚರ್ಯವಾಯಿತು.

ದಸ್ತಗೀರ ಮುಂದಕ್ಕೆ ಬಾಗಿದ. "ಕೋರ್ಟಿನ್ಯಾಗ ಸಾಹೇಬ್ರ ಮುಂದ ಇಷ್ಟ ಹೇಳ್ರಿ. ನಾ ಹೇಳಿದ್ದು ನೀವು ಹೇಳ್ರಿ, ಹೆಚ್ಗಿ ಏನೂ ಬ್ಯಾಡ. ಅವ್ರು ಬರಕೊಂಡ್ರ ದವಾಖಾನಿಗೆ ಕಳಸ್ತಾರಂತ, ಆಮ್ಯಾಲ ಜೇಲಿಗೆ. ಜೇಲು ಆದ್ರ ಆಗವಲ್ದ್ಯಾಕ. ಇಲ್ಲಿಗೆ ವಾಪಸ್ ಬಂದ್ರ ಮಾತ್ರ ನಾ ಉಳಿಯೂದಿಲ್ರಿ ಅಣ್ಣಾರ."

ಪಾಪ, ಸದಾಶಿವ ಕೆಟ್ಟವನಲ್ಲ. ಹೇಳೋಣ ಅದಕ್ಕೇನು, ಇದ್ದದ್ದು ಇದ್ದ ಹಾಗೆ ಎಂದು ಮನಸ್ಸಿನಲ್ಲೇ ನಿರ್ಧರಿಸಿದ. ನಿರ್ಧಾರ ಮಾಡುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.

ಕೋರ್ಟಿಗೆ ಹೋಗುವಾಗ ಇನ್ಸ್‌ಪೆಕ್ಟರ್ ಅವನನ್ನು ತಮ್ಮ ಗಾಡಿಯಲ್ಲೇ ಕೂರಿಸಿಕೊಂಡರು. ಬೆದರಿಸುವ ಮಾತು ಒಂದೂ ಆಡಲಿಲ್ಲ. ನಿಮ್ಮ ಸಂಘದ ಕಾರ್ಯಕ್ರಮ ಯಾವಾಗ ಎಂದು ವಿಚಾರಿಸಿದರು. ನವೆಂಬರ್ ಒಂದಕ್ಕೆ ಎಂದ ಸದಾಶಿವ, ಮೈಕಿಗೆ ಮಾತ್ರ ಪ್ರತಿವರ್ಷ ಪರವಾನಗಿಯ ಗೋಳು ಎಂದೂ ಸೇರಿಸಿದ. ಅಯ್ಯೋ, ಮೈಕು ತಾನೇ, ಅರ್ಜಿಯನ್ನು ನನ್ನ ಕೈಗೇ ಕೊಡಿ ಎಂದರು ಅವರು. ಆಮೇಲೆ ಹೊರಗೆ ನೋಡುತ್ತ, ನೀವೂ ಈ ಹುಡುಗನೂ ಒಂದೇ ತಾಲ್ಲೂಕಂತೆ, ಪರಿಚಯ ಮೊದಲಿನಿಂದ ಇತ್ತೇ ಎಂದು ಕೇಳಿದರು. ಇಲ್ಲ ಇಲ್ಲ ಎಂದು ಸದಾಶಿವ ಎರಡು ಸಲ ಹೇಳಿದ. ಇನ್ಸ್‌ಪೆಕ್ಟರ್ ನಕ್ಕರು. ದಾರಿಯುದ್ದಕ್ಕೂ ಸದಾಶಿವ ಮೈಕಿನ ಬಗ್ಗೆಯೇ ಯೋಚಿಸಲು ಪ್ರಯತ್ನಿಸಿದ.

ಕೋರ್ಟಿನಲ್ಲಿ ಫ್ಯಾನು ಜೋರಾಗಿತ್ತು. ಇನ್ನೂ ಹತ್ತು ದಿನ ಆರೋಪಿ ನಮ್ಮ ವಶದಲ್ಲಿರಬೇಕು ಎಂದು ಪೊಲೀಸರು ಅರ್ಜಿ ಕೊಟ್ಟರು. ಮ್ಯಾಜಿಸ್ಟ್ರೇಟರು ಕನ್ನಡಕ ಸರಿಮಾಡಿಕೊಂಡು ಸದಾಶಿವನಿಗೆ ಪ್ರಮಾಣ ಮಾಡಿಸಿದರು. ಪೊಲೀಸರಿಂದ ಏನಾದರೂ ತೊಂದರೆಯಾಯಿತೇ, ಕೇಳಿ ಎಂದರು.

ಸದಾಶಿವ ಕೇಳಿದ. ದಸ್ತಗೀರ ಬೆಳಿಗ್ಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ. ಅವಸರ ಮಾಡದೆ, ಅನುವಾದಕ್ಕೆ ಅನುಕೂಲವಾಗಲೆಂದು ವಾಕ್ಯಕ್ಕೊಮ್ಮೆ ನಿಂತು ಹೇಳಿದ. ಕೊನೆಗೆ ಕೈ ಎತ್ತಿ ತೋರಿಸಿದ.

"ಬೆರಳಿಗೆ ಪೆಟ್ಟಾಗಿದೆ ಅಂತಾನೆ" ಎಂದು ಸದಾಶಿವ ಶುರುಮಾಡಿದ.

"ಹೇಗೆ?"

ಇನ್ಸ್‌ಪೆಕ್ಟರ್ ಕೆಮ್ಮಿದರು. ನಿಜವಾಗಿಯೂ ಕೆಮ್ಮು ಬಂದಿತ್ತೋ ಏನೋ. ಒಂದೇ ತಾಲ್ಲೂಕು, ಪರಿಚಯ ಮೊದಲಿನಿಂದ ಇತ್ತೇ. ಮನೆಯ ವಿಳಾಸ ಅವರ ಹತ್ತಿರ ಇದೆ. ಕೃಪಾ ಕಾಲೇಜಿನಿಂದ ಒಬ್ಬಳೇ ಬರುತ್ತಾಳೆ. ಸದಾಶಿವ ಪ್ರಾಮಾಣಿಕ ಮನುಷ್ಯ, ಆದ್ದರಿಂದ ಕೊಂಚ ಹೊತ್ತು ಹಿಡಿಯಿತು.

"ಮಷೀನಿಗೆ ಸಿಕ್ಕಿ. ಸೂರತ್ತಿನಲ್ಲಿ ಕೆಲಸ ಮಾಡುವಾಗ." ಎಂದ ಸದಾಶಿವ. "ದೂರು ಏನೂ ಇಲ್ಲ."

ಕೋರ್ಟಿನ ಟೈಪಿಸ್ಟು ಅದನ್ನು ಟೈಪು ಮಾಡಿಕೊಂಡ. ಅಷ್ಟು ದೊಡ್ಡ ಮಾತಿಗೆ ಇಷ್ಟು ಚಿಕ್ಕ ಅನುವಾದವೇ ಎಂದು ಯಾರೂ ಕೇಳಲಿಲ್ಲ. ಕನ್ನಡ ಹಾಗೇ ಇರಬಹುದು, ಯಾರಿಗೆ ಗೊತ್ತು.

ಸದಾಶಿವ ಒಂದು ಮರೆತಿದ್ದ. ದಸ್ತಗೀರ ನಾಲ್ಕು ವರ್ಷ ಸೂರತ್ತಿನಲ್ಲಿದ್ದವನು. ಅವನಿಗೆ ಹಿಂದಿ ಬರುತ್ತಿತ್ತು, ಗುಜರಾತಿಯೂ ಬರುತ್ತಿತ್ತು. ದುಭಾಷಿಯ ಮಾತನ್ನು ಒಂದೂ ಬಿಡದೆ ಬಲಗಿವಿಯಲ್ಲಿ ಕೇಳಿಸಿಕೊಂಡಿದ್ದ.

"ಸಾಹೇಬ್, ನಾನು ಹೀಗೆ ಹೇಳಲಿಲ್ಲ" ಎಂದ ಹಿಂದಿಯಲ್ಲಿ.

ಮ್ಯಾಜಿಸ್ಟ್ರೇಟರು ಅಸಮಾಧಾನದಿಂದ ಪೆನ್ನು ಕೆಳಗಿಟ್ಟರು. ನಿನಗೆಂದೇ ದುಭಾಷಿಯನ್ನು ಕರೆಸಿದೆ, ಏನಿದ್ದರೂ ನಿನ್ನ ಭಾಷೆಯಲ್ಲಿ ಅವರಿಗೆ ಹೇಳು, ಅವರು ನನಗೆ ಹೇಳುತ್ತಾರೆ ಎಂದರು. ಹೇಳಿ ಅವನಿಗೆ ಎಂದು ಸದಾಶಿವನಿಗೆ ಸನ್ನೆ ಮಾಡಿದರು.

"ಕನ್ನಡದಾಗ ಹೇಳಪಾ" ಎಂದ ಸದಾಶಿವ. ದನಿ ಸಣ್ಣಗಾಗಿತ್ತು.

ದಸ್ತಗೀರ ಅವನನ್ನು ನೋಡಿದ. ಸಿಟ್ಟು ಮಾಡಿದ್ದರೆ, ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಸದಾಶಿವನಿಗೆ. ಅವನು ಬೈಯಲಿಲ್ಲ. ಮ್ಯಾಜಿಸ್ಟ್ರೇಟರ ಕಡೆಗೆ ತಿರುಗಿ ಹಿಂದಿಯಲ್ಲಿ ಹೇಳಿದ. "ನನಗೆ ಕನ್ನಡ ಬರುವುದಿಲ್ಲ, ಸಾಹೇಬ್."

ಕೋರ್ಟಿನಲ್ಲಿ ಯಾರೋ ನಕ್ಕರು. ಸರ್ಕಾರಿ ವಕೀಲರು, ನೋಡಿ ಸ್ವಾಮಿ ಇವನ ನಾಟಕ ಎಂದರು. ಹಾಗಾದರೆ ಇಷ್ಟು ಹೊತ್ತು ಯಾವ ಭಾಷೆಯಿಂದ ಅನುವಾದ ಮಾಡಿದಿರಿ ಎಂದು ಮ್ಯಾಜಿಸ್ಟ್ರೇಟರು ಸದಾಶಿವನನ್ನು ಕೇಳಿದರು. ಕನ್ನಡದಿಂದ ಎಂದ. ಅವನಿಗೆ ಬರುವುದಿಲ್ಲವಂತಲ್ಲ ಎಂದರು. ಬರುತ್ತದೆ ಎಂದ. ಅವರು ಸ್ವಲ್ಪ ಯೋಚಿಸಿ, ನ್ಯಾಯವಾದ ದಾರಿಯೊಂದನ್ನು ಕಂಡುಕೊಂಡರು.

"ಕನ್ನಡ ಬರುತ್ತದೋ ಇಲ್ಲವೋ, ಕನ್ನಡದಲ್ಲೇ ಕೇಳಿ. ಉತ್ತರ ಬರುವ ತನಕ ಕೇಳಿ."

ಟೈಪಿಸ್ಟು ಬೆರಳೆತ್ತಿ ಕಾಯುತ್ತಿದ್ದ. ಸದಾಶಿವ ಕೇಳಿದ. ದಸ್ತಗೀರ ಅವನ ತುಟಿಯನ್ನು ಕುತೂಹಲದಿಂದ ನೋಡಿದ, ಯಾವುದೋ ದೂರದೇಶದವನು ಏನೋ ಗೊಣಗುತ್ತಿದ್ದಾನೆ ಎಂಬಂತೆ. ಕೇಳಿಸಲಿಲ್ಲವೇನೋ ಎಂದು ಸದಾಶಿವ ಬಲಗಿವಿಯ ಕಡೆಗೆ ಸರಿದು ಇನ್ನೂ ಗಟ್ಟಿಯಾಗಿ ಕೇಳಿದ. ಅಪ್ಪಾ ಅಂದ, ತಮ್ಮಾ ಅಂದ. ಆ ಕೋಣೆಯಲ್ಲಿ ಕನ್ನಡ ಬರುವವನು ಈಗ ಅವನೊಬ್ಬನೇ ಉಳಿದಿದ್ದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. "ನಿನಗ ಕನ್ನಡ ಬರತೈತಿ ಹೌದಿಲ್ಲೋ?" ಎಂದು ಅವನು ಮೂರನೆಯ ಸಲ ಕೂಗಿದ.