ಎದೆಯ ಮೇಲಿನ ನಿಂಬೆಹಣ್ಣು

ಹಟ್ಟಿ ಚಿನ್ನದ ಗಣಿಯ ಕಂಪನಿ ಕ್ವಾರ್ಟರ್ಸಿಗೆ ದೆವ್ವ ಹೊಕ್ಕಿದೆ ಎಂದು ಯಮನಮ್ಮ ತೀರ್ಮಾನ ಮಾಡಿಯಾಗಿತ್ತು. ಇಲ್ಲದಿದ್ದರೆ ಗಣಿಯಲ್ಲಿ ದುಡಿಯುವ ಗಟ್ಟಿ ಆಳು, ಅವಳ ಮಗ ಹನುಮಂತು, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ, ಎಚ್ಚರವಾದರೂ ಕೈಕಾಲು ಆಡಿಸಲಾಗದೆ ಕಣ್ಣು ಪಿಳಿಪಿಳಿ ಬಿಡುವುದೆಂದರೇನು?

"ಎದಿ ಮ್ಯಾಲ ಯಾರೋ ಕುಂತಂಗ ಆಗ್ತೈತಿ ಯವ್ವಾ. ಕೂಗಾಕ ದನಿನೂ ಬರಂಗಿಲ್ಲ" ಎಂದಿದ್ದ.

ಮುದುಕಿ ಸುಮ್ಮನಿರುವವಳೇ? ಮಂತ್ರಿಸಿದ ನಿಂಬೆಹಣ್ಣು ತಂದು, ಮಗನನ್ನು ಅಂಗಾತ ಮಲಗಿಸಿ ಎದೆಯ ಮೇಲಿಟ್ಟಳು. ಹೊರಳಿದರೆ ಹಣ್ಣು ಉರುಳೀತೆಂದು ಪಕ್ಕದಲ್ಲೇ ಕಾವಲು ಕುಂತಳು. ಅಪರೂಪಕ್ಕೆ ಬರುತ್ತಿದ್ದ ದೆವ್ವ ದಿನಾ ಬರತೊಡಗಿತು. ಈ ಮನೆಯೇ ಬೇಡ, ನಮ್ಮೂರು ಮಸ್ಕಿಗೆ ಹೋಗೋಣವೆಂದು ಗಂಟು ಕಟ್ಟಿದಳು. ವರ್ಷಗಟ್ಟಲೆ ಕಾದು ಸಿಕ್ಕ ಮನೆ ಹೋಯಿತಲ್ಲ ಎಂದು ಸೊಸೆ ಅಮರೇಶ್ವರಿ ಮುಖ ಊದಿಸಿಕೊಂಡಳು.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಇಮಾಮ್‌ಬೀ ಬಂದಳು. ಹನುಮಂತು ಹಣ್ಣು ಹೊತ್ತು ಮಲಗಲು ಅಣಿಯಾಗಿದ್ದ.

"ದೊಡ್ಡವ್ವ, ಇದೇನು, ಮಗನ ಎದಿ ಮ್ಯಾಲ ಸಂತಿ ಹಚ್ಚೀರಿ?"

"ನಗಬ್ಯಾಡ. ದೆವ್ವ ಕುಂದ್ರತೈತಿ."

"ದೆವ್ವಲ್ಲರೀ. ನಿದ್ದ್ಯಾಗ ಮೈ ಸಡ್ಲ ಬಿಟ್ಟಿರತೈತಿ. ಒಮ್ಮೊಮ್ಮೆ ಬುದ್ಧಿ ಮೊದ್ಲ ಎಚ್ಚರಾಗತೈತಿ, ಮೈ ಹಿಂದ ಉಳಿತೈತಿ. ಜರಾ ಹೊತ್ತಿಗೆ ಸರಿ ಆಗತೈತಿ, ಜೀವಕ್ಕೇನೂ ಆಗಂಗಿಲ್ಲ. ಪಾಳಿ ಬದಲಾಗಿ ನಿದ್ದಿಗೆಟ್ಟವ್ರಿಗೆ ಹಿಂಗ ಆಗೋದು ಜಾಸ್ತಿ. ಅಂಗಾತ ಮಲಗಿದ್ರ ಇನ್ನೂ ಜಾಸ್ತಿ."

ಯಮನಮ್ಮ ನಿಂಬೆಹಣ್ಣನ್ನೇ ನೋಡಿದಳು. "ಅಂದ್ರ ನಾನಾ ಕರದು ಕುಂದ್ರಿಸಿದ್ನೇನು?"

"ಮ್ಯಾಲ ಕಾವಲು ಬ್ಯಾರೆ ಕುಂತೀರಿ."

ಅಮರೇಶ್ವರಿ ಸೆರಗು ಬಾಯಿಗಿಟ್ಟು ನಕ್ಕಳು.

"ಮತ್ತ ಬಂದ್ರ ಏನ್ ಮಾಡ್ಲಿ ಅಕ್ಕಾ?" ಎಂದ ಹನುಮಂತು.

"ಗಾಬರಿ ಆಗಬ್ಯಾಡ. ನಿಧಾನ ಉಸಿರು ತಗೋ. ಒಂದು ಬೆರಳು ಆಡ್ಸಾಕ ನೋಡು. ಪಕ್ಕದಾಗಿದ್ದೋರು ಹೆಸರು ಹಿಡದು ಕರದು ಭುಜ ಮುಟ್ಟಬೇಕು. ಮಲಗೂ ಮುಂದ ಚಾ, ಮೊಬೈಲ್ ಬ್ಯಾಡ. ನಿದ್ದಿ ತುಂಬ ಮಾಡು."

ಯಮನಮ್ಮ ಕಿಟಕಿಗೆ ಕೌದಿ ಕಟ್ಟಿ ಕೋಣೆ ಕತ್ತಲು ಮಾಡಿದಳು. ಮಗನನ್ನು ಮಗ್ಗುಲಾಗಿ ಮಲಗಿಸಿದಳು. ಕಾವಲು ಬಿಡಲಿಲ್ಲ, ಬಾಗಿಲಲ್ಲಿ ಹೋಗಿ ಕುಂತು, ಗದ್ದಲ ಮಾಡುವವರನ್ನು ಗದರತೊಡಗಿದಳು. ಆಮೇಲೂ ಒಂದೆರಡು ಸಲ ಬಂತು. ಹನುಮಂತು ಹೆದರದೆ ಬೆರಳು ಆಡಿಸಿದ, ಬಿಟ್ಟುಹೋಯಿತು. ಬರಬರುತ್ತ ಬರುವುದೇ ಅಪರೂಪವಾಯಿತು. ಕಟ್ಟಿದ ಗಂಟು ಬಿಚ್ಚಿದರು. ನಿಂಬೆಹಣ್ಣು ಇಮಾಮಬೀ ಬಂದ ದಿನವೇ ಚಿತ್ರಾನ್ನಕ್ಕೆ ಬಿದ್ದಿತ್ತು.

"ಮಂತ್ರ ಹಾಕಿದ್ದಲ್ಲ, ರುಚಿ ಬ್ಯಾರೆನಾ ಐತಿ" ಎಂದು ಯಮನಮ್ಮ ಅವತ್ತು ಇನ್ನೊಂದು ತುತ್ತು ನೀಡಿಸಿಕೊಂಡಿದ್ದಳು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾಗುತ್ತಿದೆಯೇ? ಪದೇ ಪದೇ ಆದರೆ, ಇಲ್ಲವೇ ಕೆಲಸದ ನಡುವೆಯೇ ತಡೆಯಲಾರದ ನಿದ್ದೆ ಬಂದರೆ ದವಾಖಾನೆಗೆ ತೋರಿಸಿ. ಮನೆ ಬದಲಿಸುವ ಮೊದಲು ಮಗ್ಗುಲು ಬದಲಿಸಿ ನೋಡಿ.